ಹಿಮ ಕಂಡ ಕಾರು

ನವೆಂಬರ್ ಮಧ್ಯ ದಾಟಿತೆಂದರೆ ಮಿಷಿಗನ್ ರಸ್ತೆಗಳಿಂದ ಒಂದು ಜಾತಿಯ ಕಾರುಗಳು ಕಾಣೆಯಾಗುತ್ತವೆ. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಗುಡುಗುತ್ತ ಮೆರೆದಿದ್ದ ಮಸ್ಟಾಂಗ್, ಕಮಾರೊ, ಕಾರ್ವೆಟ್‌ಗಳೆಲ್ಲ ಗ್ಯಾರೇಜು ಸೇರಿ, ಮೈತುಂಬ ಹೊದಿಕೆ ಹೊದ್ದು, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಕೊಂಡು ಏಪ್ರಿಲ್ ತನಕ ಮಲಗುತ್ತವೆ. ಮಾಲೀಕರು ಅಲ್ಲಿಯವರೆಗೆ ಯಾವುದೋ ಹಳೆ ಎಸ್‌ಯುವಿಯಲ್ಲೋ ಪಿಕಪ್‌ನಲ್ಲೋ ಓಡಾಡಿಕೊಂಡಿರುತ್ತಾರೆ. ಗೀರು ಬಿದ್ದರೂ ತುಕ್ಕು ಹಿಡಿದರೂ ಯಾರ ಕರುಳೂ ಚುರ್ ಅನ್ನದಂಥ ವಾಹನ ಅದು.

ಎರಡು ಕಾರು ಇಟ್ಟುಕೊಳ್ಳಲು ಜಾಗವೂ ದುಡ್ಡೂ ಇರುವವರ ಮಾತಾಯಿತು. ಡೆಟ್ರಾಯಿಟ್ ಸುತ್ತಲಿನ ನೋವೈ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಅಪಾರ್ಟ್‌ಮೆಂಟುಗಳಲ್ಲಿ ಕಾರು ಕಂಪನಿಗಳ ಕೆಲಸಕ್ಕೆಂದು ಬಂದ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಮೈಸೂರಲ್ಲೋ ಸುರತ್ಕಲ್ಲಲ್ಲೋ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದ ಕಾರು ಇಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕೊಂಡೂಬಿಡುತ್ತಾರೆ. ಆಮೇಲೆ ಪಂಪ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ ಹಿರಿಯರು ಕೇಳುತ್ತಾರೆ: “ಯಾವ ಕಾರು ತಗೊಂಡ್ಯಪ್ಪ?” ಮಜ್ದಾ ಮಿಯಾಟಾ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ಹೆಸರು ಹೇಳಿದರೆ ಮುಗಿಯಿತು. “ಅಯ್ಯೋ, ರಿಯರ್ ವೀಲ್ ಡ್ರೈವ್ ಅಲ್ವೇನೋ ಅದು! ಹಿಮ ಬಿದ್ದಾಗ ಏನ್ ಮಾಡ್ತೀಯ? ಮಾರಿ ಒಂದು ಆಲ್ ವೀಲ್ ಡ್ರೈವ್ ಸುಬಾರು ತಗೋ ಮಾರಾಯ.”

ಹಿರಿಯರ ಭಯ ಸುಳ್ಳಲ್ಲ. ಅವರು ಹೆದರುತ್ತಿರುವ ವಸ್ತು ಮಾತ್ರ ಬೇರೆಯದಾಗಿರಬೇಕಿತ್ತು ಎಂಬುದು ನನ್ನ ತಕರಾರು.

ಹಿಂದಿನ ಚಕ್ರಗಳು ತಳ್ಳುವ ಕಾರು ನಮಗೇನೂ ಹೊಸದಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಮೂರೂ ಆ ಪೈಕಿಯವೇ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುರಸ್ತೆಯ ಏರಿನಲ್ಲಿ ಅಂಬಾಸಿಡರ್ ಹತ್ತಿಸಿದವರಿಗೆ ಹಿಂದಿನ ಗಾಲಿ ನಿಂತಲ್ಲೇ ಗಿರ್ರನೆ ತಿರುಗಿ ಕೆಸರು ಎರಚುವುದೂ, ಹಿಂಭಾಗ ಮೆಲ್ಲಗೆ ಚರಂಡಿಯ ಕಡೆ ವಾಲುವುದೂ ಗೊತ್ತು. ಮಂಜುಗಡ್ಡೆಯ ಮೇಲೆ ಆಗುವುದೂ ಅದೇ, ಇನ್ನಷ್ಟು ಸಲೀಸಾಗಿ. ಒಣ ಡಾಂಬರಿನ ಮೇಲೆ ಟಯರಿನ ಘರ್ಷಣಾಂಕ 0.8ರ ಆಸುಪಾಸಿನಲ್ಲಿದ್ದರೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ರಿಂದ 0.3ಕ್ಕೆ ಇಳಿಯುತ್ತದೆ, ನುಣುಪು ಮಂಜುಗಡ್ಡೆಯ ಮೇಲೆ 0.1 ಸಿಕ್ಕರೆ ಪುಣ್ಯ. ಮುಂಚಕ್ರ ಚಾಲನೆಯ ಕಾರಿನಲ್ಲಿ ಒಟ್ಟು ತೂಕದ ಶೇ 60ರಷ್ಟು ಮುಂದಿನ ಗಾಲಿಗಳ ಮೇಲೇ ಕೂತಿರುವುದರಿಂದ ಹೊರಡುವಾಗ ಅದಕ್ಕೆ ಹಿಡಿತ ಹೆಚ್ಚು. ಮಿಯಾಟಾದಲ್ಲಿ ತೂಕ ಹಿಂದೆ ಮುಂದೆ ಹೆಚ್ಚುಕಡಿಮೆ ಸಮಪಾಲು. ಒಣ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಭಾರ ಹಿಂದಕ್ಕೆ ಜರುಗಿ ತಳ್ಳುವ ಗಾಲಿಗಳನ್ನು ನೆಲಕ್ಕೆ ಅದುಮುತ್ತದೆ. ಸ್ಪೋರ್ಟ್ಸ್ ಕಾರುಗಳು ಹಿಂಚಕ್ರಕ್ಕೇ ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಆದರೆ ಹಿಮದಲ್ಲಿ ಜೋರಾಗಿ ಚಿಮ್ಮಲು ಬರುವುದಿಲ್ಲ, ಚಿಮ್ಮದಿದ್ದರೆ ಭಾರ ಜರುಗುವುದೂ ಇಲ್ಲ.

ಇದಕ್ಕೆ ಹೊರತಾದ ಒಂದು ಕಾರಿದೆ, ಪೋರ್ಷೆ 911. ಎಂಜಿನ್ನೇ ಹಿಂಬದಿಯ ಅಚ್ಚಿನ ಆಚೆಗೆ ನೇತಾಡುವುದರಿಂದ ತೂಕದ ಶೇ 60ರಷ್ಟು ಹಿಂಗಾಲಿಗಳ ಮೇಲಿರುತ್ತದೆ. 1968, 1969, 1970 ಮೂರೂ ವರ್ಷ ಮಾಂಟೆ ಕಾರ್ಲೊ ರ‍್ಯಾಲಿಯನ್ನು, ಅದೂ ಆಲ್ಪ್ಸ್ ಬೆಟ್ಟಗಳ ಜನವರಿಯಲ್ಲಿ, ಗೆದ್ದದ್ದು ಇದೇ ಹಿಂಚಕ್ರದ 911. ಮಿಯಾಟಾದವರಿಗೆ ಅದರಿಂದ ಉಪಯೋಗವೇನಿಲ್ಲ, ಊಟದ ಸಾಲಿನ ಹಿರಿಯರಿಗೆ ಹೇಳಲು ಒಂದು ಉತ್ತರವಾಯಿತು ಅಷ್ಟೆ.

ಅಸಲಿಗೆ 1970ರ ದಶಕದ ಕೊನೆಯವರೆಗೂ ಅಮೆರಿಕದ ಬಹುಪಾಲು ಕಾರುಗಳು ಹಿಂಚಕ್ರದವೇ ಆಗಿದ್ದವು. ಮಿನೆಸೋಟದಲ್ಲೂ ಬಫಲೋದಲ್ಲೂ ಆಗ ಇನ್ನೂ ಜಾಸ್ತಿಯೇ ಹಿಮ ಬೀಳುತ್ತಿತ್ತೆಂದು ಹಳಬರು ಆಣೆ ಮಾಡಿ ಹೇಳುತ್ತಾರೆ. ಡಿಕ್ಕಿಯಲ್ಲಿ ಒಂದೆರಡು ಮರಳಿನ ಮೂಟೆ ಇಟ್ಟುಕೊಂಡು ಆಫೀಸಿಗೂ ಚರ್ಚಿಗೂ ಹೋಗಿಬರುತ್ತಿದ್ದರು. 1980ರ ಜಿನೀವಾ ಮೋಟಾರ್ ಶೋನಲ್ಲಿ ಆಡಿ ಕಂಪನಿ ಕ್ವಾಟ್ರೊ ತೋರಿಸಿದ ಮೇಲೆ ನಾಲ್ಕೂ ಚಕ್ರ ತಿರುಗುವುದು ರ‍್ಯಾಲಿಯಲ್ಲೂ ಷೋರೂಮಿನಲ್ಲೂ ಹೆಸರು ಮಾಡಿತು, ಮುಂದಿನ ಒಂದೆರಡು ತಲೆಮಾರಿನಲ್ಲಿ ಅದಿಲ್ಲದೆ ಚಳಿಗಾಲ ಕಳೆಯುವುದು ಹುಚ್ಚುತನ ಎಂಬ ನಂಬಿಕೆ ಗಟ್ಟಿಯಾಯಿತು.

ಆ ನಂಬಿಕೆಯಲ್ಲಿ ಒಂದು ದೊಡ್ಡ ತೂತಿದೆ. ನಾಲ್ಕು ಚಕ್ರದ ಚಾಲನೆ ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕಲ್ಲ. ಬ್ರೇಕು ಯಾವ ಕಾರಿನಲ್ಲಾದರೂ ನಾಲ್ಕು ಚಕ್ರಕ್ಕೇ ಇರುವುದು, ಆ ನಾಲ್ಕೂ ನೆಲವನ್ನು ಎಷ್ಟು ಹಿಡಿಯುತ್ತವೆ ಎನ್ನುವುದನ್ನು ತೀರ್ಮಾನಿಸುವುದು ಟಯರು. ಮೊದಲ ಹಿಮ ಬಿದ್ದ ದಿನ ಐ-96 ಹೆದ್ದಾರಿಯ ಪಕ್ಕದ ಹಳ್ಳ ನೋಡಿ: ಅಲ್ಲಿ ಮೂತಿ ಊರಿ ನಿಂತವುಗಳಲ್ಲಿ ನಾಲ್ಕು ಚಕ್ರದ ಎಸ್‌ಯುವಿಗಳಿಗೇನೂ ಬರವಿರುವುದಿಲ್ಲ. ಸಿಗ್ನಲ್ಲಿನಿಂದ ಸಲೀಸಾಗಿ ಹೊರಟ ಕಾರು ತನ್ನ ಚಾಲಕನಿಗೆ ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ಹೇಳುವುದೇ ಇಲ್ಲ. ಅವನಿಗದು ಗೊತ್ತಾಗುವುದು ಬ್ರೇಕ್ ಒತ್ತಿದಾಗ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ. ಹಿಂಚಕ್ರದ ಕಾರು ಅದೇ ಸುದ್ದಿಯನ್ನು ಮನೆಯ ಮುಂದಿನ ರಸ್ತೆಯಲ್ಲೇ, ನಡಿಗೆಯ ವೇಗದಲ್ಲಿ, ಹಿಂಭಾಗ ಒಂದಿಷ್ಟು ಅಲುಗಿಸಿ ಹೇಳಿಬಿಡುತ್ತದೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣವೇ ಇದು.

ಇನ್ನು ಟಯರಿನ ವಿಷಯ. ಸ್ಪೋರ್ಟ್ಸ್ ಕಾರಿಗೆ ಕಂಪನಿ ಹಾಕಿ ಕೊಡುವ ಬೇಸಿಗೆ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಹಿಮವೇ ಬೇಕಿಲ್ಲ, ಒಣ ರಸ್ತೆ ಸಾಕು ಜಾರಲು. ಶೂನ್ಯಕ್ಕಿಂತ ಕೆಳಗೆ ಇಂಥ ಕೆಲವು ಟಯರುಗಳ ಮೈ ಬಿರುಕು ಬಿಡುವುದೂ ಉಂಟು. ಸ್ಪೋರ್ಟ್ಸ್ ಕಾರಿಗೆ ಹಿಮದಲ್ಲಿ ಬಂದ ಕೆಟ್ಟ ಹೆಸರಿನಲ್ಲಿ ಅರ್ಧಕ್ಕರ್ಧ ಈ ಟಯರಿನದು.

ಚಳಿಗಾಲದ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಚಳಿಯಲ್ಲೂ ಅದು ಮೆತ್ತಗೆ ಬಾಗುತ್ತದೆ. ಅದರ ಪ್ರತಿ ಗಡ್ಡೆಯ ಮೇಲೂ ಬ್ಲೇಡಿನಿಂದ ಕೊರೆದಂಥ ಸಣ್ಣ ಅಂಕುಡೊಂಕು ಸೀಳುಗಳು ಕಾಣುತ್ತವೆ. ಗಾಲಿ ಉರುಳುವಾಗ ಈ ಸೀಳುಗಳು ತೆರೆದುಕೊಂಡು ನೂರಾರು ಅಂಚುಗಳು ಹಿಮವನ್ನು ಕಚ್ಚುತ್ತವೆ, ಮಂಜುಗಡ್ಡೆಯ ಮೇಲಿನ ತೆಳು ನೀರನ್ನು ಒಳಗೆಳೆದುಕೊಳ್ಳುತ್ತವೆ. ಟಯರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳಿನ ಗುರುತಿರಬೇಕು. ಈ ವಿದ್ಯೆ ಹಳೆಯದು. ಫಿನ್ಲೆಂಡಿನ ನೋಕಿಯನ್ ಕಂಪನಿಯ ಹಕ್ಕಪೆಲಿಟ್ಟ ಎಂಬ ಟಯರು 1936ರಿಂದಲೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಕೆನಡಾದ ಕ್ಯುಬೆಕ್ ಪ್ರಾಂತ್ಯ 2008ರಿಂದ ಇಂಥ ಟಯರನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರಿಲ್ಲದೆ ಅಲ್ಲಿಯ ಕಾರು ರಸ್ತೆಗಿಳಿಯುವಂತಿಲ್ಲ. ಮಿಷಿಗನ್ನಿನಲ್ಲಿ ಅಂಥ ಕಡ್ಡಾಯವಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಟಯರು ಬದಲಿಸುವಾಗ ಗಾಲಿಯನ್ನೂ ಒಂದು ಇಂಚು ಇಳಿಸುವುದು ಇಲ್ಲಿಯವರ ವಾಡಿಕೆ. ಈಗಿನ ಮಿಯಾಟಾದ 17 ಇಂಚಿನ ಗಾಲಿಯಲ್ಲಿ 205 ಮಿಲಿಮೀಟರ್ ಅಗಲದ ಟಯರಿರುತ್ತದೆ. ಅದನ್ನು ತೆಗೆದು 16 ಇಂಚಿನದಕ್ಕೆ 195 ಅಗಲದ್ದು ಹಾಕುತ್ತಾರೆ. ಅಗಲದ ಟಯರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ನೆಲ ಮುಟ್ಟುತ್ತದೆ. ಪಕ್ಕದ ಗೋಡೆ ಎತ್ತರವಿರುವುದರಿಂದ ಮಾರ್ಚ್‌ನಲ್ಲಿ ಹಿಮ ಕರಗಿ ರಸ್ತೆಯೆಲ್ಲ ಗುಂಡಿಯಾದಾಗ ಗಾಲಿ ಸೊಟ್ಟಗಾಗುವುದೂ ತಪ್ಪುತ್ತದೆ.

ಇಷ್ಟಾದ ಮೇಲೆ ಓಡಿಸುವುದು. ಹೊರಡುವಾಗ ಫಸ್ಟ್ ಬದಲು ಸೆಕೆಂಡ್ ಗೇರ್, ಕ್ಲಚ್ಚನ್ನು ನಿಧಾನಕ್ಕೆ ಬಿಡುವುದು, ಆಕ್ಸಿಲರೇಟರ್ ಮೇಲೆ ಪಾದ ಊರದೆ ಬರೀ ಬೆರಳ ತುದಿ. ಹಿಂಭಾಗ ಬಲಕ್ಕೆ ಸರಿದರೆ ಸ್ಟಿಯರಿಂಗೂ ಬಲಕ್ಕೆ. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲಿರಬೇಕು. ಹಳ್ಳ ನೋಡಿದರೆ ಹಳ್ಳಕ್ಕೇ ಹೋಗುತ್ತೀರಿ. ಹೊಸಬರು ಎಡವುವುದು ಗೇರ್ ಇಳಿಸುವಾಗ. ಎಂಜಿನ್ ವೇಗ ಹೊಂದಿಸಿಕೊಳ್ಳದೆ ಥಟ್ಟನೆ ಕೆಳಗಿನ ಗೇರಿಗೆ ಬಂದರೆ ಎಂಜಿನ್ನಿನ ತಡೆಯೆಲ್ಲ ಹಿಂದಿನ ಎರಡು ಗಾಲಿಗಳ ಮೇಲೇ ಬಿದ್ದು ಹ್ಯಾಂಡ್‌ಬ್ರೇಕ್ ಎಳೆದ ಹಾಗಾಗುತ್ತದೆ. ಎಲ್ಲಕ್ಕಿಂತ ಅಪಾಯದ ಜಾಗ ಸಿಗ್ನಲ್ಲುಗಳು. ಸಾವಿರಾರು ಗಾಲಿಗಳು ನಿಂತು, ಹೊರಟು, ಉಜ್ಜಿ ಅಲ್ಲಿಯ ಹಿಮ ಪಾಚಿ ಕಟ್ಟಿದ ಬಾವಿಕಟ್ಟೆಯಂತಾಗಿರುತ್ತದೆ.

ಈಗಿನ ಕಾರುಗಳಲ್ಲಿ ಇದನ್ನೆಲ್ಲ ಪಕ್ಕದಲ್ಲಿ ಕೂತು ತಿದ್ದುವ ಕಂಪ್ಯೂಟರೂ ಇದೆ. ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳು ಸೇರಿ 1995ರಲ್ಲಿ ತಂದ ಸ್ಟೆಬಿಲಿಟಿ ಕಂಟ್ರೋಲ್ 2012ರ ಮಾಡೆಲ್‌ನಿಂದ ಅಮೆರಿಕದ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯ. ಕಾರು ಅಡ್ಡ ತಿರುಗುವ ಸೂಚನೆ ಸಿಕ್ಕಿದ್ದೇ ಅದು ಒಂದೊಂದೇ ಗಾಲಿಗೆ ಬ್ರೇಕ್ ಹಾಕಿ ನೇರ ಮಾಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಟುಕುತ್ತದೆ. ಹಿಂಚಕ್ರದ ಕಾರನ್ನು ಹಿಮಕ್ಕೆ ಒಗ್ಗಿಸಿದ್ದರಲ್ಲಿ ಟಯರಿನ ನಂತರದ ಪಾಲು ಇದರದ್ದೇ. ಒಂದೇ ಸಂದರ್ಭದಲ್ಲಿ ಅದು ಅಡ್ಡಗಾಲು: ಗಾಲಿ ಹೂತುಹೋದಾಗ. ಆಗ ಗಾಲಿ ಕೊಂಚ ತಿರುಗಲೇಬೇಕು, ಕಾರನ್ನು ಹಿಂದೆ ಮುಂದೆ ತೂಗಿ ಹೊರಗೆಳೆಯಬೇಕು. ಕಂಪ್ಯೂಟರ್ ಬಿಡುವುದಿಲ್ಲ, ಬಟನ್ ಒತ್ತಿ ಅದನ್ನು ಸುಮ್ಮನಾಗಿಸಬೇಕು.

ಹೂತುಹೋಗುವುದಂತೂ ಖಂಡಿತ. ಮಿಯಾಟಾದ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ, ಹೆಚ್ಚೆಂದರೆ 14 ಸೆಂಟಿಮೀಟರ್. ರಾತ್ರಿ ಒಂದು ಅಡಿ ಹಿಮ ಬಿದ್ದರೆ ಯಾವ ಟಯರೂ ಕಾಪಾಡುವುದಿಲ್ಲ. ಕಾರು ಹೊಟ್ಟೆಯ ಮೇಲೆ ಕೂತು ಗಾಲಿಗಳು ಗಾಳಿಯಲ್ಲಿ ಈಜುತ್ತವೆ. ರಸ್ತೆ ಬಳಿಯುವ ಲಾರಿ ಬಂದು ಮನೆಯೆದುರು ಗಟ್ಟಿ ಹಿಮದ ದಿಬ್ಬ ಮಾಡಿ ಹೋದ ಬೆಳಗ್ಗೆ ಸಲಿಕೆ ಹಿಡಿಯದೆ ಗತಿಯಿಲ್ಲ. ಡಿಕ್ಕಿಯಲ್ಲಿ ಒಂದು ಚಿಕ್ಕ ಸಲಿಕೆ, ಗಾಲಿಯಡಿ ಚೆಲ್ಲಲು ಒಂದು ಚೀಲ ಮರಳು, ಎಳೆಯುವ ಹಗ್ಗ ಇಟ್ಟರೆ ಆ ಪುಟ್ಟ ಡಿಕ್ಕಿಯಲ್ಲಿ ತರಕಾರಿಗೆ ಜಾಗವೇ ಉಳಿಯುವುದಿಲ್ಲ. ಅಂಥ ದಿನ ಮನೆಯಿಂದಲೇ ಕೆಲಸ ಮಾಡುವುದು ಮರ್ಯಾದೆ. ಪುಣ್ಯಕ್ಕೆ ಡೆಟ್ರಾಯಿಟ್ ಕಡೆ ಹಾಗೆ ಸುರಿಯುವುದು ಅಪರೂಪ. ದೊಡ್ಡ ಸರೋವರದ ಆವಿ ಕುಡಿದ ಗಾಳಿ ತಂದು ಸುರಿಯುವ ಹಿಮವೆಲ್ಲ ರಾಜ್ಯದ ಪಶ್ಚಿಮದ ಮಸ್ಕೀಗನ್, ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯವರ ಪಾಲು.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ? ಉಪ್ಪಿಗೆ. ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 350 ಮೀಟರ್ ಆಳದಲ್ಲಿ ವಿಶಾಲವಾದ ಉಪ್ಪಿನ ಗಣಿಯಿದೆ. ಎಂದೋ ಬತ್ತಿಹೋದ ಸಮುದ್ರದ ಉಪ್ಪು. ಅಗೆಯತೊಡಗಿ ಒಂದು ಶತಮಾನಕ್ಕೂ ಹೆಚ್ಚಾಯಿತು, ಈಗ ಅಗೆಯುವುದು ಮುಖ್ಯವಾಗಿ ರಸ್ತೆಗೆ ಚೆಲ್ಲಲು. ನೆಲದ ಮೇಲೆ ಕಾರು ಕಟ್ಟುವ ಊರು, ನೆಲದ ಕೆಳಗೆ ಅದೇ ಕಾರನ್ನು ತಿನ್ನುವ ಸರಕು! ಉಪ್ಪು ಬೆರೆತ ನೀರು ಕಾರಿನ ಅಡಿಯಲ್ಲೆಲ್ಲ ಸಿಡಿದು ಬ್ರೇಕ್ ಪೈಪು, ಸಸ್ಪೆನ್ಷನ್ನಿನ ಬೋಲ್ಟು, ಬಾಗಿಲ ಕೆಳಗಿನ ಪಟ್ಟಿಗಳ ಒಳಗೆ ಕೂರುತ್ತದೆ. 1990ರ ದಶಕದ ಮಿಯಾಟಾಗಳಲ್ಲಿ ಬಟ್ಟೆಯ ಟಾಪಿನಿಂದ ಇಳಿಯುವ ನೀರಿನ ಕೊಳವೆ ಕಸ ಕಟ್ಟಿದರೆ ಬಾಗಿಲ ಕೆಳಗಿನ ಪಟ್ಟಿ ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ಲೋಹವೇ ಉಳಿದಿರುವುದಿಲ್ಲ. ತಿಳಿದವರು ಅಕ್ಟೋಬರಿನಲ್ಲೇ ಅಡಿಭಾಗಕ್ಕೆಲ್ಲ ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಎಣ್ಣೆ ಹೊಡೆಸುತ್ತಾರೆ. ಒಂದೆರಡು ವಾರ ಕಾರಿನಲ್ಲಿ ಕುರಿದೊಡ್ಡಿಯ ವಾಸನೆ ಇರುತ್ತದೆ, ಸಹಿಸಿಕೊಳ್ಳಬೇಕು. ಹವೆ ಶೂನ್ಯ ದಾಟಿದ ದಿನ ಕೆಳಗಿನಿಂದ ನೀರು ಚಿಮ್ಮುವ ಕಾರ್ ವಾಷ್‌ನಲ್ಲಿ ಸಾಲು ನಿಲ್ಲುತ್ತಾರೆ. ಇಷ್ಟೆಲ್ಲ ಮಾಡಿದರೂ ಉಪ್ಪನ್ನು ತಡಮಾಡಿಸಬಹುದೇ ಹೊರತು ತಡೆಯಲಾಗದು.

ಅದಕ್ಕೇ ಇಲ್ಲಿಯ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ‘ಹಿಮ ಕಂಡಿಲ್ಲ’ ಎನ್ನುವ ಮಾತಿಗೆ ಇಷ್ಟೊಂದು ಬೆಲೆ. ಟೆಕ್ಸಸ್, ಅರಿಜೋನಾ ಕಡೆಯ ಕಾರು ಅಂದರೆ ಜನ ವಿಮಾನ ಹತ್ತಿ ಹೋಗಿ ಕೊಂಡು, ಅಷ್ಟು ದೂರ ಓಡಿಸಿಕೊಂಡು ಬರುತ್ತಾರೆ. ವರ್ಷವಿಡೀ ಓಡಿಸಲು ಹೊರಟವರಿಗೆ ನಾನು ಹೇಳುವುದು ಉಲ್ಟಾ: ಅಂಥ ಮುತ್ತಿನಂಥ ಕಾರು ತಂದು ಉಪ್ಪಿಗೆ ಕೊಡಬೇಡಿ. ನಾಲ್ಕಾರು ಚಳಿಗಾಲ ಕಂಡ, ಅಡಿಯಲ್ಲಿ ಮೇಲುಮೇಲಿನ ತುಕ್ಕಷ್ಟೇ ಇರುವ ಸ್ಥಳೀಯ ಕಾರನ್ನೇ ನೋಡಿ. ಕೊಳ್ಳುವ ಮುಂಚೆ ಲಿಫ್ಟಿಗೆ ಏರಿಸಿ, ಬ್ರೇಕ್ ಪೈಪಿನ ಮೇಲೆ ಉಗುರಿನಿಂದ ಕೆರೆದು, ಬಾಗಿಲ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಚೌಕಾಸಿ ಮಾಡಿ ಉಳಿಸಿದ ದುಡ್ಡಿನಲ್ಲಿ ನಾಲ್ಕು ಚಳಿಗಾಲದ ಟಯರು ಗಾಲಿ ಸಮೇತ ಬಂದು, ಲ್ಯಾನೊಲಿನ್ನಿಗೂ ಒಂದಿಷ್ಟು ಮಿಗುತ್ತದೆ.