ಬಾಸ್ ಮಹಿಳೆಯಾದರೆ ಕೆಲಸ ಹೇಗಿರುತ್ತೆ?

ಹೊಸ ಬಾಸ್ ಮಹಿಳೆ ಅಂತ ಗೊತ್ತಾದ ಕೂಡಲೇ ಎಷ್ಟೋ ಆಫೀಸುಗಳಲ್ಲಿ ಗುಸುಗುಸು ಶುರುವಾಗುತ್ತೆ. ಆದರೆ ಅವರ ಕೈಕೆಳಗೆ ಕೆಲಸ ಮಾಡಿದವರು ಏನಂತಾರೆ?

1953ರಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆ ಅಮೆರಿಕದ ಜನರನ್ನು ಕೇಳಿತು: ನಿಮಗೆ ಎಂಥ ಬಾಸ್ ಬೇಕು? ಶೇ. 66 ಮಂದಿ ಗಂಡಸೇ ಇರಲಿ ಅಂದರು. ಮಹಿಳೆ ಇರಲಿ ಅಂದವರು ಬರೀ ಶೇ. 5. 2017ರ ಹೊತ್ತಿಗೆ ಗಂಡಸು ಬೇಕು ಅಂದವರು ಶೇ. 23, ಮಹಿಳೆ ಬೇಕು ಅಂದವರು ಶೇ. 21. ಅರ್ಧಕ್ಕಿಂತ ಹೆಚ್ಚು ಜನ, ಯಾರಾದರೂ ಸರಿ ಅಂದರು!

ಗ್ಯಾಲಪ್‌ನ 2015ರ ವರದಿ ನೇರವಾಗಿ ಅನುಭವವನ್ನೇ ಅಳೆಯಿತು. ಮಹಿಳಾ ಮ್ಯಾನೇಜರ್ ಇದ್ದ ಕಡೆ ಶೇ. 33 ನೌಕರರು ಮನಸ್ಸಿಟ್ಟು ದುಡಿಯುತ್ತಿದ್ದರು. ಪುರುಷ ಮ್ಯಾನೇಜರ್ ಇದ್ದ ಕಡೆ ಶೇ. 27. ತಮ್ಮ ಬೆಳವಣಿಗೆಗೆ ಪ್ರೋತ್ಸಾಹ ಸಿಗುತ್ತೆ, ಪ್ರಗತಿಯ ಬಗ್ಗೆ ಕೂರಿಸಿಕೊಂಡು ಮಾತಾಡ್ತಾರೆ ಅಂತ ಹೆಚ್ಚಾಗಿ ಹೇಳಿದವರೂ ಮಹಿಳಾ ಮ್ಯಾನೇಜರ್‌ಗಳ ತಂಡದವರೇ.

ಹಾಗಾದರೆ ಅನುಮಾನ ಯಾಕೆ? ಒಂದು ಸುಳಿವು ಆಫೀಸಿನಾಚೆ, ಹಳ್ಳಿಯ ಪಂಚಾಯಿತಿಯಲ್ಲಿ ಸಿಗುತ್ತೆ.

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಪಂಚಾಯಿತಿ ಪ್ರಧಾನರ ಒಂದೇ ಭಾಷಣ. ಕೆಲವರಿಗೆ ಅದನ್ನು ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ ಕೇಳಿಸಿದರು. ಮಾತು ಅದೇ, ಪದ ಅದೇ. ಆದರೂ ಪ್ರಧಾನ ಹುದ್ದೆ ಎಂದೂ ಮಹಿಳೆಗೆ ಮೀಸಲಾಗದ ಊರುಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು.

ಮಹಿಳೆಯ ಆಡಳಿತ ಕಂಡಿದ್ದ ಊರುಗಳಲ್ಲಿ ಆ ತಾರತಮ್ಯ ಬಹುಮಟ್ಟಿಗೆ ಕರಗಿತ್ತು. ಎರಡು ಅವಧಿ ಮೀಸಲಾತಿ ಕಂಡ ಕಡೆ, ಮೀಸಲಾತಿ ಇಲ್ಲದ ಸ್ಥಾನಗಳಿಗೂ ಹೆಚ್ಚು ಮಹಿಳೆಯರು ನಿಂತರು, ಗೆದ್ದರು.