ಬಂಡೂರು ಕುರಿಗಳ ಉಣುಗು ನಿವಾರಣೆ

ದುದ್ದ ಹೋಬಳಿಯಲ್ಲಿ ಬಂಡೂರು ತಳಿಯ ಕುರಿಗಳನ್ನು ಸಾಕುವವರು ಅವುಗಳ ಮೈಗೆ ಹತ್ತುವ ಉಣುಗನ್ನು ಅಲಕ್ಷಿಸತಕ್ಕದ್ದಲ್ಲ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣುಗು ಕೆಳಗುದುರಿ, ಕೊಟ್ಟಿಗೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ಆದುದರಿಂದ ಅದು ಉದುರುವುದಕ್ಕೆ ಮುಂಚೆಯೇ ಕೀಳುವುದು ಮುಖ್ಯವು.

ವಾರಕ್ಕೆ ಎರಡಾವರ್ತಿ ಕುರಿಯನ್ನು ಬೆಳಕಿನಲ್ಲಿ ನಿಲ್ಲಿಸಿ, ಕಿವಿಯ ಒಳಮೈ, ಬಾಲದ ಬುಡ, ತೊಡೆಸಂದುಗಳ ಕೂದಲನ್ನು ಬಿಡಿಸಿ ನೋಡಬೇಕು. ಉಣುಗನ್ನು ಚಿಮಟದಿಂದ ಚರ್ಮಕ್ಕೆ ಸಮೀಪದಲ್ಲಿಯೇ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು. ಹೊಟ್ಟೆಯನ್ನು ಹಿಡಿದು ಕಿತ್ತರೆ ಬಾಯಿ ಒಳಗೇ ಉಳಿದು ಗಾಯವು ಕೀವಾಗುವ ಸಂಭವವುಂಟು. ಬರಿಗೈಯಿಂದ ಹಿಸುಕಕೂಡದು, ಮನುಷ್ಯರಿಗೂ ತಗಲುವ ರೋಗಾಣುಗಳು ಅದರಲ್ಲಿರಬಹುದು. ಕಿತ್ತವುಗಳನ್ನು ಸೀಮೆಯೆಣ್ಣೆಯಲ್ಲಿ ಹಾಕಿ ಕೊಲ್ಲಬೇಕು.

ಕೊಟ್ಟಿಗೆಯ ಬಿರುಕುಗಳನ್ನು ಮೆತ್ತಿದ ಹೊರತು ಈ ಶ್ರಮವು ಪೂರ್ಣಫಲವನ್ನು ಕೊಡದು. ಕಣ್ಣಿನ ರೆಪ್ಪೆಯ ಒಳಗು ಬಿಳಿಚಿಕೊಂಡ ಮರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸುವುದು ಕ್ಷೇಮಕರ.