ಎರಡು ಕಣ್ಣಿಗೆ ಒಂದೇ ಪವರ್ ಸಾಕು

ಹಕ್ಕಿ ನೋಡುವವರಿಗೆ ಮಂಗಳೂರಿನ ಬೋಳಾರ ಬೆಳಗಿನ ಜಾಗ. ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ. ಎದುರಿಗೆ ನೇತ್ರಾವತಿ, ಅದರಾಚೆ ಕೋಟೆಪುರದ ತೆಂಗಿನ ಸಾಲು, ಬಲಕ್ಕೆ ಫಲ್ಗುಣಿ ಬಂದು ಸೇರುವ ಅಳಿವೆ, ಬೆಂಗ್ರೆ. ನೀರು ಇಳಿದಾಗ ಮರಳ ದಿಬ್ಬಗಳೂ ಕೆಸರೂ ಮೇಲೇಳುತ್ತವೆ. ಚಳಿಗಾಲದಲ್ಲಿ ಕಡಲಕ್ಕಿಗಳು (ಗಲ್), ರೀವಗಳು (ಟರ್ನ್) ಅಲ್ಲಿ ಗುಂಪುಗಟ್ಟುತ್ತವೆ. ಅದೇ ಜಾಗಕ್ಕೆ ಸಂಜೆ ಹೋದರೆ ಬಿಸಿಲು ನೇರ ಕಣ್ಣಿಗೆ. ಹಕ್ಕಿಗಳೆಲ್ಲ ಬರೀ ಕಪ್ಪು ಆಕಾರಗಳು.

ಹೀಗೆ ನದಿಯ ಅಗಲದಾಚೆ ಕೂತ ಹಕ್ಕಿಯನ್ನು ನೋಡಬೇಕಾದಾಗ ಹೊಸಬರೆಲ್ಲ ಕೇಳುವ ಪ್ರಶ್ನೆ ಒಂದೇ: ಒಂದೇ ಪವರಿನ ದುರ್ಬೀನು ಕೊಳ್ಳಬೇಕೋ, ಜೂಮ್ ಇರುವುದನ್ನೋ? ಒಂದೇ ದುಡ್ಡಿಗೆ 8ರಿಂದ 24 ಪವರಿನವರೆಗೆ ಎಲ್ಲವೂ ಸಿಗುವಾಗ ಬರೀ 8 ಪವರಿಗೆ ಯಾಕೆ ಹಣ ಸುರಿಯಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ರೈಫಲ್ ಸ್ಕೋಪುಗಳ ಲೋಕದಲ್ಲೂ ಇದೇ ವಾದ ದಶಕಗಳಿಂದ ನಡೆದಿದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ 4 ಪವರಿನ ಸ್ಥಿರ ಸ್ಕೋಪೇ ರೂಢಿ. ಆಮೇಲೆ 3ರಿಂದ 9 ಪವರಿನ ಜೂಮ್ ಸ್ಕೋಪು, 3-9×40, ಅದರ ಜಾಗ ಹಿಡಿಯಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆದಿದೆ. ಹಾಗಾಗಿ ಕರಾವಳಿಯಲ್ಲಿ ಈ ಪ್ರಶ್ನೆ ಕೇಳುವವರ ಕೈಯಲ್ಲಿ ಇರುವುದು ಕೋವಿಯಲ್ಲ, ದುರ್ಬೀನು. ಅದು ಒಳ್ಳೆಯದೇ ಆಯಿತು. ಆದರೆ ಬಂದೂಕಿನ ಮೇಲೆ ಜೂಮ್ ಗೆದ್ದಿತು ಎಂದ ಮಾತ್ರಕ್ಕೆ ದುರ್ಬೀನಿನಲ್ಲೂ ಗೆಲ್ಲುತ್ತದೆ ಎಂದುಕೊಂಡರೆ ದುಡ್ಡು ದಂಡ. ಸ್ಕೋಪಿಗೆ ಇರುವುದು ಒಂದು ಕೊಳವೆ, ದುರ್ಬೀನಿಗೆ ಎರಡು. ವ್ಯತ್ಯಾಸವೆಲ್ಲ ಇರುವುದು ಅಲ್ಲೇ.

ಒಂದು ಕೊಳವೆಯೊಳಗೆ ಗಾಜುಗಳನ್ನು ಹಿಂದೆ ಮುಂದೆ ಸರಿಸಿ ಪವರ್ ಏರಿಸುವುದು ಇಂದು ಕಷ್ಟದ ಕೆಲಸವಲ್ಲ. ಎರಡು ಕೊಳವೆಗಳಾದರೆ ಎಡಗಣ್ಣಿಗೆ 13 ಪವರ್ ಬಂದ ಗಳಿಗೆಯಲ್ಲೇ ಬಲಗಣ್ಣಿಗೂ 13 ಬರಬೇಕು. ಎರಡೂ ಕೊಳವೆಗಳು ಕೂದಲೆಳೆಯಷ್ಟೂ ತಪ್ಪದೆ ಒಂದೇ ದಿಕ್ಕಿಗೆ ನೋಡುತ್ತಿರಬೇಕು. ಕಂಬಳದ ಜೋಡಿ ಕೋಣಗಳಲ್ಲಿ ಒಂದು ಅರ್ಧ ಹೆಜ್ಜೆ ಹಿಂದೆ ಬಿದ್ದರೂ ಓಟ ಕೆಡುವ ಹಾಗೆ, ಇಲ್ಲಿ ಒಂದು ಬದಿ ಚೂರು ತಪ್ಪಿದರೂ ನೋಟ ಕೆಡುತ್ತದೆ. ಅಗ್ಗದ ಜೂಮ್ ದುರ್ಬೀನುಗಳಲ್ಲಿ ಈ ಎರಡು ಬದಿಗಳನ್ನು ಜೋಡಿಸುವುದು ಸಾಮಾನ್ಯವಾಗಿ ಒಳಗಿನ ತೆಳು ಪಟ್ಟಿ, ಸಣ್ಣ ಸನ್ನೆ. ಬಳಸುತ್ತ ಹೋದಂತೆ ಅದು ಸಡಿಲವಾಗುತ್ತದೆ. ಬೇರೆ ಬೇರೆ ಗಾತ್ರದ ಎರಡು ಚಿತ್ರಗಳನ್ನು ಮಿದುಳು ಹೇಗೋ ಒಂದು ಮಾಡಿಕೊಳ್ಳಲು ಹೆಣಗುತ್ತದೆ. ಹತ್ತು ನಿಮಿಷಕ್ಕೆ ಹಣೆ ಸಿಡಿಯತೊಡಗುತ್ತದೆ. ನೋಡುವವರು ದೋಷ ತಮ್ಮ ಕಣ್ಣಿನದೇ ಎಂದುಕೊಂಡು ದುರ್ಬೀನನ್ನು ಕಪಾಟಿಗೆ ಸೇರಿಸುತ್ತಾರೆ. ನನಗೆ ನಿಜಕ್ಕೂ ಬೇಸರ ತರುವುದು ಇದು. ಎಷ್ಟೋ ಮಕ್ಕಳ ಹಕ್ಕಿ ಹುಚ್ಚು ಹೀಗೆ ಮೊದಲ ದುರ್ಬೀನಿನಲ್ಲೇ ಮುಗಿದುಹೋಗುತ್ತದೆ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಒಳ್ಳೆಯ 8×42 (8 ಪವರ್, 42 ಮಿಲಿಮೀಟರ್ ಅಗಲದ ಮುಂದಿನ ಗಾಜು) ದುರ್ಬೀನಿನಲ್ಲಿ 8 ಡಿಗ್ರಿಯ ಆಸುಪಾಸಿನ ನೋಟ ಸಿಗುತ್ತದೆ. ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲ. ಜೂಮ್ ದುರ್ಬೀನನ್ನು ಅದೇ 8ಕ್ಕೆ ಇಟ್ಟರೂ ಹೆಚ್ಚಿನವುಗಳಲ್ಲಿ ಸಿಗುವುದು ನಾಲ್ಕೂವರೆ ಡಿಗ್ರಿ, ಸುಮಾರು 80 ಮೀಟರ್. ಅಳಿವೆಯ ಮೇಲೆ ಹಾರುವ ರೀವ ಅಷ್ಟು ಕಿರಿದಾದ ಕಿಂಡಿಯೊಳಗೆ ನಿಲ್ಲುವುದೇ ಇಲ್ಲ.

ಬೆಳಕಿನ ಲೆಕ್ಕವನ್ನು ಅಂಗಡಿಯಲ್ಲಿ ನಿಂತೇ ನೋಡಬಹುದು. ದುರ್ಬೀನನ್ನು ಮುಖದಿಂದ ಒಂದಡಿ ದೂರ ಹಿಡಿದು ಬಾಗಿಲ ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನ ನಡುವೆ ಬೆಳ್ಳನೆಯ ಒಂದು ಬೊಟ್ಟು ಕಾಣುತ್ತದೆ. ಮುಂದಿನ ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಅದರ ಅಳತೆ: 8×42ರಲ್ಲಿ 5.25 ಮಿಲಿಮೀಟರ್. ಈಗ ಜೂಮ್ ಸನ್ನೆಯನ್ನು ಮೆಲ್ಲನೆ ಏರಿಸುತ್ತ ಹೋಗಿ. ಬೊಟ್ಟು ಕಣ್ಣೆದುರೇ ಕುಗ್ಗುತ್ತದೆ. 50 ಮಿಲಿಮೀಟರ್ ಗಾಜಿಗೆ 24 ಪವರ್ ಹಾಕಿದರೆ ಉಳಿಯುವುದು ಎರಡೇ ಮಿಲಿಮೀಟರ್ ಚಿಲ್ಲರೆ. ಮುಂಜಾನೆಯ ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅದಕ್ಕಿಂತ ಎಷ್ಟೋ ಅಗಲ ತೆರೆದಿರುತ್ತದೆ, ಹಾಗಾಗಿ ಚಿತ್ರ ಮಂಕು. ಹಡಗುಗಳಲ್ಲಿ 7×50 ದುರ್ಬೀನನ್ನೇ ನೆಚ್ಚಿಕೊಂಡಿರುವುದು ಸುಮ್ಮನಲ್ಲ. ಬೊಟ್ಟು 7 ಮಿಲಿಮೀಟರ್, ಪವರ್ ಕಡಿಮೆಯಾದ್ದರಿಂದ ಓಲಾಟದಲ್ಲೂ ಚಿತ್ರ ನಿಲ್ಲುತ್ತದೆ. ಆನ್‌ಲೈನಿನಲ್ಲಿ ‘20-180×100’ ಎಂದು ಬರೆದುಕೊಂಡು ಮಾರುವವುಗಳಿಗೆ ಇದೇ ಲೆಕ್ಕ ಹಾಕಿದರೆ, 180ರಲ್ಲಿ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚಷ್ಟೆ ಬರುತ್ತದೆ. ಹಕ್ಕಿಯಿರಲಿ, ಎದುರು ದಡದ ತೆಂಗಿನಮರವೂ ಅದರಲ್ಲಿ ನೆಟ್ಟಗೆ ಕಾಣಲಾರದು. 10 ಪವರ್ ದಾಟಿದ ಮೇಲೆ ಬರಿಗೈಯ ನಡುಕವೂ ಚಿತ್ರವನ್ನು ಕುಣಿಸುತ್ತದೆ.

ಇನ್ನು ಮಂಗಳೂರಿನ ಹವೆ. ಮಳೆಗಾಲ ಪೂರ್ತಿ ಗೋಡೆಯೇ ಬೆವರುವ ಊರು ಇದು. ಸ್ಥಿರ ಪವರಿನ ಒಳ್ಳೆಯ ದುರ್ಬೀನಿನಲ್ಲಿ ಗಾಳಿ ತೆಗೆದು ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿರುತ್ತಾರೆ. ಓಡಾಡುವ ಸನ್ನೆಯಿರುವ ಜೂಮ್‌ನಲ್ಲಿ ಹಾಗೆ ಮುಚ್ಚುವುದು ಕಷ್ಟ, ಹೆಚ್ಚಿನವುಗಳಲ್ಲಿ ಮುಚ್ಚಿರುವುದೂ ಇಲ್ಲ. ತೇವ ಒಳಹೊಕ್ಕು ಗಾಜಿನ ಮೇಲೆ ಜೇಡನ ಬಲೆಯಂಥ ಬೂಷ್ಟು ಹಬ್ಬಿತೆಂದರೆ ಬಿಚ್ಚಿ ಒರೆಸುವ ಖರ್ಚು ದುರ್ಬೀನಿನ ಬೆಲೆಗೇ ಸಮ. ಯಾವುದನ್ನೇ ಕೊಂಡರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಚೀಲದಲ್ಲಿ ಬಿಡಬೇಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಾಗಾದರೆ ದೂರದ ಹಕ್ಕಿಗೆ ಏನು ಗತಿ? ಅಲ್ಲಿ ಜೂಮ್ ಬೇಕೇ ಬೇಕು, ಆದರೆ ಮುಕ್ಕಾಲಿಯ ಮೇಲೆ ನಿಂತ ಸ್ಪಾಟಿಂಗ್ ಸ್ಕೋಪಿನಲ್ಲಿ. ಅದಕ್ಕೂ ಒಂದೇ ಕೊಳವೆ. ಕಂದುತಲೆಯ ಕಡಲಕ್ಕಿ, ಕಪ್ಪುತಲೆಯ ಕಡಲಕ್ಕಿ ಎರಡೂ ನಮ್ಮ ಕರಾವಳಿಗೆ ವಲಸೆ ಬರುತ್ತವೆ, ಆದರೆ ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಮಾತ್ರ ಒಂದು ಕಪ್ಪು ಮಚ್ಚೆ. ಹಾರುವಾಗ ರೆಕ್ಕೆ ಗುಟ್ಟು ಬಿಟ್ಟುಕೊಡುತ್ತದೆ: ಬೆಳೆದ ಕಂದುತಲೆಯದಕ್ಕೆ ಅಗಲವಾದ ಕಪ್ಪು ತುದಿ, ಅದರಲ್ಲಿ ಬಿಳಿ ಚುಕ್ಕೆ, ಕಪ್ಪುತಲೆಯದಕ್ಕೆ ರೆಕ್ಕೆಯ ಹೊರಭಾಗದ ಮುಂದಿನ ಅಂಚಿನಲ್ಲಿ ಬಿಳಿ ಪಟ್ಟೆ. ಇದಕ್ಕೆ 8 ಪವರಿನ ಅಗಲ ನೋಟವೇ ಸರಿ. ಮರಳ ಮೇಲೆ ಕೂತಾಗ ರೆಕ್ಕೆ ಮಡಚಿರುತ್ತದೆ. ಆಗ ಕಣ್ಣು ನೋಡಬೇಕು, ಕಂದುತಲೆಯದರ ಕಣ್ಣು ಬಿಳಿಚು, ಕಪ್ಪುತಲೆಯದರದು ಕಡುಗಪ್ಪು. ಅದು ದುರ್ಬೀನಿಗೆ ಎಟುಕುವ ಸಂಗತಿಯಲ್ಲ. 20-60 ಪವರಿನ ಸ್ಕೋಪನ್ನು 20ರಲ್ಲಿಟ್ಟು ಗುಂಪನ್ನು ಹುಡುಕಿ, ಹಕ್ಕಿ ಸಿಕ್ಕಮೇಲೆ 40ಕ್ಕೆ ಏರಿಸಿದರೆ ಕಣ್ಣಿನ ಬಣ್ಣ ತಿಳಿಯುತ್ತದೆ.

60ರವರೆಗೆ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದು ಕೈಗೂಡುವುದು ಅಪರೂಪ. ಬಿಸಿಲೇರಿದಂತೆ ಮರಳಿನ ಮೇಲಿನ ಗಾಳಿ ಕುದಿಯತೊಡಗುತ್ತದೆ, ಪವರ್ ಹೆಚ್ಚಿಸಿದಷ್ಟೂ ಆ ಕುದಿತವೇ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಕಡಲಗಾಳಿ ಬೀಸಿ ತೆಳ್ಳನೆಯ ಮುಕ್ಕಾಲಿ ನಡುಗುತ್ತದೆ. ಸ್ಕೋಪಿಗೆ ಕೊಟ್ಟ ಹಣ ಸಾರ್ಥಕವಾಗಬೇಕಾದರೆ ಮುಕ್ಕಾಲಿಗೂ ಕೈಬಿಚ್ಚಿ ಖರ್ಚು ಮಾಡಬೇಕು. ಇವೆರಡೂ ಒಬ್ಬರ ಜೇಬಿಗೆ ಭಾರವೇ. ಆದರೆ ದುರ್ಬೀನಿನ ಹಾಗೆ ಸ್ಕೋಪು ಪ್ರತಿಯೊಬ್ಬರ ಕುತ್ತಿಗೆಯಲ್ಲೂ ಇರಬೇಕಿಲ್ಲ. ನಾಲ್ಕೈದು ಗೆಳೆಯರು ಸೇರಿ ಒಂದನ್ನು ಕೊಂಡು, ಇಳಿತದ ಬೆಳಿಗ್ಗೆ ಬೋಳಾರದ ದಂಡೆಯಲ್ಲಿ ನಿಲ್ಲಿಸಿ ಸರದಿಯಲ್ಲಿ ನೋಡಬಹುದು.